ಹಾಜಿ ಅಬ್ದುಲ್ಲಾ ಸಾಹೇಬರು: ಕೊಡುವ ಕೈ ಗಳಿಸಿದ ವಿಶ್ವಾಸ

ಉಡುಪಿ ಪೇಟೆಯಲ್ಲಿ ಮಹಿಳೆಯರ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆಯನ್ನು ಜನರು ಹಾಜಿ ಅಬ್ದುಲ್ಲಾರ ಹೆಸರಿನಿಂದ ಗುರುತಿಸುತ್ತಾರೆ. ಸುತ್ತಮುತ್ತಲ ಊರುಗಳ ಎಷ್ಟೋ ತಾಯಂದಿರು ಹೆರಿಗೆಗೆ ಬಂದದ್ದು ಅಲ್ಲಿಗೆ. ಹೆಸರು ಎಲ್ಲರ ನಾಲಿಗೆಯ ಮೇಲಿದೆ. ಆ ಹೆಸರಿನ ಹಿಂದಿದ್ದ ಬದುಕು ಮಾತ್ರ ನಮ್ಮ ಮಕ್ಕಳಿಗೆ ಅಷ್ಟಾಗಿ ತಿಳಿದಿಲ್ಲ.

ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಹುಟ್ಟಿದ್ದು 1882ರಲ್ಲಿ. ಉಳ್ಳವರ ಮನೆತನ, ದೊಡ್ಡ ವ್ಯಾಪಾರ. ಮುಂದೆ ಬ್ರಿಟಿಷ್ ಸರಕಾರ ಅವರಿಗೆ ಖಾನ್ ಬಹಾದ್ದೂರ್ ಬಿರುದು ನೀಡಿತು, ಮದರಾಸು ವಿಧಾನ ಪರಿಷತ್ತಿನಲ್ಲಿಯೂ ಅವರು ಕುಳಿತರು. ಆದರೆ ಉಡುಪಿಯ ಹಿರಿಯರು ಅವರನ್ನು ನೆನೆಯುವುದು ಬಿರುದಿನಿಂದಲ್ಲ, ಅವರ ಮನೆಯ ಬಾಗಿಲಿನಿಂದ. ಹಸಿವೆಂದು ಬಂದವರು ಬರಿಗೈಯಲ್ಲಿ ಮರಳಿದ್ದಿಲ್ಲ ಎಂಬುದು ಊರಿನ ಮಾತು. ಬಂದವನ ಜಾತಿ ಯಾವುದು, ಧರ್ಮ ಯಾವುದು ಎಂದು ಆ ಬಾಗಿಲಲ್ಲಿ ಯಾರೂ ವಿಚಾರಿಸುತ್ತಿರಲಿಲ್ಲ. ಬರಗಾಲದಲ್ಲಿ ಬರ್ಮಾದಿಂದ ಹಡಗಿನಲ್ಲಿ ಅಕ್ಕಿ ತರಿಸಿ ಹಂಚಿದರೆಂದೂ, ಶ್ರೀಕೃಷ್ಣ ಮಠದ ದೀಪೋತ್ಸವಕ್ಕೆ ಎಣ್ಣೆಯ ಕೊರತೆಯಾದಾಗ ನೆರೆಯವರ ಕಷ್ಟ ತಮ್ಮದೆಂದು ಬಗೆದು ಎಣ್ಣೆ ಕಳುಹಿಸಿದರೆಂದೂ ಜನ ಇಂದಿಗೂ ಹೇಳುತ್ತಾರೆ.

ಇಂತಹ ಕೊಡುಗೈಗೂ ವ್ಯಾಪಾರಕ್ಕೂ ಏನು ಸಂಬಂಧ ಎಂದು ಕೇಳಬಹುದು. ಉತ್ತರ 1906ರ ಇತಿಹಾಸದಲ್ಲಿದೆ.

ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿತ್ತು. ಮಂಗಳೂರಿನಲ್ಲಿ ಮದರಾಸು ಬ್ಯಾಂಕಿನ ಶಾಖೆಯಿತ್ತಾದರೂ ಅದರ ಮೆಟ್ಟಿಲು ಹತ್ತುವ ಧೈರ್ಯ ಸಾಮಾನ್ಯರಿಗಿರಲಿಲ್ಲ. ಕಾಪುವಿನ ಕಡಲ ತೀರದ ಮೀನುಗಾರನಾಗಲಿ, ಕಾರ್ಕಳದ ಕಡೆಯ ಬೇಸಾಯಗಾರನಾಗಲಿ, ಪೇಟೆಯ ಚಿಕ್ಕ ಅಂಗಡಿಯವನಾಗಲಿ ಕೈಕಟ್ಟಿದಾಗ ಹೋಗಬೇಕಾದದ್ದು ಸಾಹುಕಾರನ ಬಳಿಗೆ. ಆತ ಹೇಳಿದ್ದೇ ಲೆಕ್ಕ. ಕೂಡಿಟ್ಟ ನಾಲ್ಕು ಕಾಸನ್ನು ನಂಬಿ ಇಡುವ ಸ್ಥಳವೂ ಇರಲಿಲ್ಲ. 1905ರ ಬಂಗಾಳ ವಿಭಜನೆಯ ಬಳಿಕ ಎದ್ದ ಸ್ವದೇಶಿ ಚಳವಳಿಯ ಗಾಳಿ ಕರಾವಳಿಗೂ ಬೀಸಿತ್ತು. ಇಪ್ಪತ್ನಾಲ್ಕರ ಆಸುಪಾಸಿನಲ್ಲಿದ್ದ ಅಬ್ದುಲ್ಲಾ ಸಾಹೇಬರು ಉಡುಪಿಯ ಬೇರೆ ಬೇರೆ ಸಮುದಾಯಗಳ ಮಿತ್ರರನ್ನು ಕೂಡಿಸಿಕೊಂಡರು. ಜಾತಿ ಮತಗಳ ಭೇದವಿಲ್ಲದೆ ಎಲ್ಲರಲ್ಲೂ ಉಳಿತಾಯದ ಮತ್ತು ಪರಸ್ಪರ ಸಹಕಾರದ ಅಭ್ಯಾಸ ಬೆಳೆಸಬೇಕೆಂಬುದು ಅವರು ಜನರ ಮುಂದಿಟ್ಟ ಮನವಿಯ ಸಾರ. 1906ರ ಮಾರ್ಚ್ 12ರಂದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಆರಂಭವಾಯಿತು. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ನೋಡಿದಾಗ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ.

ಈ ಚಿಕ್ಕ ಮೊತ್ತವನ್ನು ನೋಡಿ ನಗಬಾರದು. ಹೊಸ ಸಂಸ್ಥೆಗೆ ಹೆಸರಿರಲಿಲ್ಲ, ಅದರ ಬೆನ್ನಿಗೆ ಸರಕಾರವಿರಲಿಲ್ಲ. ಹಣವಿಟ್ಟವನಿಗೆ ಅದು ಮರಳಿ ಬರುತ್ತದೆಂಬ ಭರವಸೆ ಕೊಡಲು ಅದನ್ನು ನಡೆಸುವವರ ನಡತೆಯನ್ನು ಬಿಟ್ಟು ಬೇರೇನು ಇತ್ತು? ಯಾರ ಬಾಗಿಲಲ್ಲಿ ಬಡವನಿಗೆ ಅನ್ನ ಸಿಗುತ್ತದೋ, ಆತ ಬಡವನ ಎರಡಾಣೆಯನ್ನು ನುಂಗಲಾರ ಎಂದು ಜನ ಬಗೆಯುವುದು ಸಹಜ. ವರುಷಗಟ್ಟಲೆ ದಿನದಿನವೂ ಕಂಡ ಔದಾರ್ಯಕ್ಕೆ ಜಾಹೀರಾತು ಬೇಕಾಗುವುದಿಲ್ಲ. ಪ್ರವಾದಿ ಮುಹಮ್ಮದ್ (ಸ)ರಿಗೆ ಮಕ್ಕಾದ ಜನರು ಅಲ್ ಅಮೀನ್ ಎಂಬ ಹೆಸರನ್ನಿತ್ತುದು ಪ್ರವಾದಿತ್ವಕ್ಕೂ ಮೊದಲೇ. ಹಝ್ರತ್ ಖದೀಜಾ (ರ) ತಮ್ಮ ಸರಕನ್ನು ಅವರ ಕೈಗೊಪ್ಪಿಸಿದ್ದು ಆ ಪ್ರಾಮಾಣಿಕತೆಯನ್ನು ಅರಿತು. ವ್ಯಾಪಾರಿಯ ಮೊದಲ ಬಂಡವಾಳ ವಿಶ್ವಾಸವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಬ್ಯಾಂಕ್ ಎಂದೊಡನೆ ಬಡ್ಡಿಯ ಪ್ರಶ್ನೆ ಓದುಗರ ಮನಸ್ಸಿನಲ್ಲಿ ಏಳುತ್ತದೆ. ಬಡ್ಡಿ ನಿಷಿದ್ಧ ಎಂಬ ವಿಧಿಯಲ್ಲಿ ಎರಡು ಮಾತಿಲ್ಲ. ಆ ಸಂಸ್ಥೆ ಬಡ್ಡಿಯಿಂದ ಮುಕ್ತವಾಗಿರಲಿಲ್ಲ ಎಂಬುದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಸಾಹೇಬರ ಬದುಕಿನಿಂದ ನಾವು ಎತ್ತಿಕೊಳ್ಳಬೇಕಾದುದು ಆ ಪದ್ಧತಿಯನ್ನಲ್ಲ; ಬಡವನನ್ನು ಸುಲಿಗೆಯಿಂದ ಬಿಡಿಸಬೇಕೆಂಬ ಕಳಕಳಿಯನ್ನು ಮತ್ತು ನೆರೆಹೊರೆಯವರೆಲ್ಲರೂ ನಂಬುವಂತೆ ಬಾಳಿದ ಬಾಳನ್ನು.

ಸಾಹೇಬರ ಮನೆಯಲ್ಲಿಯೇ ಕಣ್ಣು ತೆರೆದ ಆ ಸಂಸ್ಥೆ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಗಿ ದೇಶವಿಡೀ ಹರಡಿತು. 1980ರಲ್ಲಿ ರಾಷ್ಟ್ರೀಕರಣಗೊಂಡಿತು. 2020ರ ಎಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗುವಾಗ ಅದಕ್ಕೆ ಎರಡು ಸಾವಿರಕ್ಕೂ ಹೆಚ್ಚು ಶಾಖೆಗಳಿದ್ದವು. ಸಾಹೇಬರು 1935ರಲ್ಲೇ ಇಹಲೋಕ ತ್ಯಜಿಸಿದ್ದರು. ಬ್ಯಾಂಕಿನ ಹೆಸರು ಅಳಿಯಿತು. ಆದರೆ ಆಸ್ಪತ್ರೆಗೆಂದು ಅವರು ದಾನ ಕೊಟ್ಟ ಭೂಮಿಯಲ್ಲಿ ಅವರ ಹೆಸರು ಉಳಿದಿದೆ. ಕಟ್ಟಿದ್ದು ಕರಗಿತು, ಕೊಟ್ಟದ್ದು ಉಳಿಯಿತು. ಮುಂದುವರಿಯುವ ದಾನ, ಅಂದರೆ ಸದಕಾ ಜಾರಿಯಾ, ಎಂಬ ಮಾತಿನ ಅರ್ಥ ಇದೇ ಅಲ್ಲವೇ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೊಟ್ಟರೆ ಗಿರಾಕಿ ಹೆಚ್ಚುತ್ತಾರೆ, ಆದ್ದರಿಂದ ಕೊಡೋಣ ಎಂದು ಹೊರಟರೆ ಅದು ದಾನವಾಗದು, ಇನ್ನೊಂದು ವ್ಯಾಪಾರವಾದೀತು. ಕೊಟ್ಟದ್ದನ್ನು ಎತ್ತಿ ಆಡಿ ನೋಯಿಸುವವನ ದಾನ ಬಂಡೆಯ ಮೇಲಿನ ಮಣ್ಣು ಮಳೆಗೆ ಕೊಚ್ಚಿಹೋದಂತೆ ವ್ಯರ್ಥವೆಂದು ಪವಿತ್ರ ಕುರ್‌ಆನ್ ಕಲಿಸುತ್ತದೆ. ಹಬ್ಬದ ನೆಪದಲ್ಲಿ ಅಧಿಕಾರಿಗೆ ತಲುಪಿಸುವ ಪೊಟ್ಟಣವಂತೂ ಔದಾರ್ಯವೇ ಅಲ್ಲ, ಲಂಚ. ನಮ್ಮ ನಿಯ್ಯತ್ತನ್ನು ಪರೀಕ್ಷಿಸಲು ಸುಲಭದ ದಾರಿಯಿದೆ. ನಮಗೆ ಎಂದೂ ಯಾವ ಲಾಭವನ್ನೂ ಮಾಡಿಕೊಡಲಾರದವನಿಗೆ ಇಂದು ಏನು ಕೊಟ್ಟೆವು ಎಂದು ಕೇಳಿಕೊಳ್ಳಬೇಕು. ಬರುವ ವಿಶ್ವಾಸ, ಬೆಳೆಯುವ ಸ್ನೇಹ, ಕೂಡುವ ವ್ಯವಹಾರ ಅಲ್ಲಾಹನ ಅನುಗ್ರಹ, ಕೊಟ್ಟದ್ದರ ಬೆಲೆಯಲ್ಲ.

ದಿನವೂ ಕೊಡಲು ಸಾಹೇಬರಷ್ಟು ಸಂಪತ್ತು ಬೇಕೆಂದಿಲ್ಲ. ಅದೇ ಉಡುಪಿಯಲ್ಲಿ 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುವ ಪಿಗ್ಮಿ ಠೇವಣಿ ಆರಂಭಿಸಿತು. ಉಳಿತಾಯಕ್ಕೆ ಎರಡಾಣೆ ಸಾಕೆಂದಾದರೆ ದಾನಕ್ಕೆ ಏಕೆ ಸಾಲದು? ಸ್ವಲ್ಪವಾದರೂ ನಿರಂತರವಾಗಿ ಮಾಡುವ ಕರ್ಮ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿ (ಸ) ಕಲಿಸಿದ್ದಾರೆ. ಅಂಗಡಿ ತೆರೆದೊಡನೆ ಬಡವನ ಪಾಲೆಂದು ಒಂದು ನಾಣ್ಯ ಬೇರೆ ಇಡಬಹುದು. ತೂಕದಲ್ಲಿ ಒಂದು ಹಿಡಿ ಹೆಚ್ಚು ಹಾಕಬಹುದು. ಕೂಲಿಯಾಳಿಗೆ ಬೆವರಾರುವ ಮುನ್ನ ಸಂಬಳ ಕೊಡಬಹುದು. ಕಷ್ಟದಲ್ಲಿರುವ ಸಾಲಗಾರನಿಗೆ ಗಡುವು ಮುಂದೂಡಬಹುದು. ಇವು ಮನೆಯ ಮಕ್ಕಳ ಕಣ್ಣೆದುರು ದಿನವೂ ನಡೆಯಲಿ. ಮಕ್ಕಳು ಉಪದೇಶಕ್ಕಿಂತ ತಂದೆಯ ಕೈಯನ್ನು ನೋಡಿ ಕಲಿಯುವುದು ಹೆಚ್ಚು.

ಅಲ್ಲಾಹನು ಹಾಜಿ ಅಬ್ದುಲ್ಲಾ ಸಾಹೇಬರ ಸತ್ಕರ್ಮಗಳನ್ನು ಸ್ವೀಕರಿಸಲಿ, ಲೋಪಗಳನ್ನು ಮನ್ನಿಸಲಿ, ನಮಗೂ ಕೊಡುವ ಕೈಯನ್ನು ಕರುಣಿಸಲಿ. ಆಮೀನ್.