ಮೆತ್ತನೆಯ ಸ್ಪ್ರಿಂಗು, ಅಳೆದು ಹಾಕಿದ ಡ್ಯಾಂಪರು: ಕಾಲಿನ್ ಚಾಪ್‌ಮನ್ ಕಥೆ

ಗಾಡಿ ಹಳೇದಾಗಿ, ಹಂಪ್ಸ್ ದಾಟಿದ ಮೇಲೂ ಎರಡು ಮೂರು ಸಲ ಕುಣಿಯೋಕೆ ಶುರು ಮಾಡಿದ್ರೆ ಶಾಕ್ ಅಬ್ಸಾರ್ಬರ್ ಹೋಗಿದೆ ಅಂತ ನಮಗೆಲ್ಲ ಗೊತ್ತು. ಆಗ ಫ್ರೆಂಡ್ಸ್ ಕೊಡೋ ಸಲಹೆ ಸಾಮಾನ್ಯವಾಗಿ ಒಂದೇ: ಇರೋದ್ರಲ್ಲೇ ಗಟ್ಟಿಯಾದದ್ದು ಹಾಕ್ಸು, ರೇಸ್ ಗಾಡಿ ಥರ ಓಡುತ್ತೆ. ಈ ಮಾತನ್ನು ಒಪ್ಪದ ಒಬ್ಬ ಇಂಜಿನಿಯರ್ ಇದ್ದ. ಅವನ ಕಂಪನಿ ಲೋಟಸ್, ಅವನು ಬದುಕಿದ್ದಾಗಲೇ ಏಳು ಸಲ ಫಾರ್ಮುಲಾ ಒನ್ ಕನ್‌ಸ್ಟ್ರಕ್ಟರ್ಸ್ ಚಾಂಪಿಯನ್ ಆಯಿತು. ನಮಗೆ ಸಮಾಧಾನ ಕೊಡೋ ಇನ್ನೊಂದು ವಿಷಯವೂ ಇದೆ. ಅವನಿಗೂ ಮ್ಯಾಥ್ಸ್‌ನಲ್ಲಿ ಬ್ಯಾಕ್ ಇತ್ತು!

ಕಾಲಿನ್ ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಇಂಗ್ಲೆಂಡಿನ ರಿಚ್ಮಂಡ್‌ನಲ್ಲಿ. ಬೆಳೆದದ್ದು ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ. ಅಪ್ಪ ಅಲ್ಲಿ ರೈಲ್ವೇ ಹೋಟೆಲ್ ನಡೆಸುತ್ತಿದ್ದರು. 1945ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ ಸೇರಿ ಸ್ಟ್ರಕ್ಚರಲ್ ಇಂಜಿನಿಯರಿಂಗ್ ಓದಿದ. ಓದಿನ ಜೊತೆಗೇ ಗೆಳೆಯನೊಬ್ಬನ ಜೊತೆ ಸೇರಿ ಸೆಕೆಂಡ್‌ಹ್ಯಾಂಡ್ ಕಾರುಗಳ ವ್ಯಾಪಾರ ಮಾಡುತ್ತಿದ್ದ. 1947ರಲ್ಲಿ ಸರ್ಕಾರ ಪೆಟ್ರೋಲ್ ರೇಷನ್ ನಿಲ್ಲಿಸಿದಾಗ ಆ ವ್ಯಾಪಾರ ಕುಸಿದುಬಿತ್ತು. ಕೊನೆಗೆ ಕೈಯಲ್ಲಿ ಉಳಿದದ್ದು ಯಾರೂ ಕೊಳ್ಳದ ಒಂದು ಹಳೆ ಆಸ್ಟಿನ್ ಸೆವೆನ್. ಅದನ್ನು ತನ್ನ ಗೆಳತಿ ಹೇಜಲ್‌ಳ ತಂದೆತಾಯಿಯ ಮನೆ ಹಿಂದಿನ ಗ್ಯಾರೇಜಿನಲ್ಲಿ ಬಿಚ್ಚಿ, 1948ರಲ್ಲಿ ಹೊಸದಾಗಿ ಕಟ್ಟಿದ. ಅದೇ ಮೊದಲ ಲೋಟಸ್. ಇತ್ತ ಫೈನಲ್ ಮ್ಯಾಥ್ಸ್ ಪೇಪರ್ ಫೇಲ್. ಮತ್ತೆ ಬರೆದು ಡಿಗ್ರಿ ತಗೊಂಡದ್ದು 1949ರಲ್ಲಿ.

1952ರಲ್ಲಿ ಹೇಜಲ್ ಕೊಟ್ಟ 25 ಪೌಂಡ್ ಸಾಲದಿಂದ ಲೋಟಸ್ ಇಂಜಿನಿಯರಿಂಗ್ ಕಂಪನಿ ಶುರುವಾಯಿತು. ಅಪ್ಪನ ಹೋಟೆಲಿನ ಹಿಂದಿದ್ದ ಹಳೆ ಕುದುರೆ ಲಾಯವೇ ವರ್ಕ್‌ಶಾಪ್. 1954ರಲ್ಲಿ ಇಬ್ಬರೂ ಮದುವೆಯಾದರು.

ಸ್ಟ್ರಕ್ಚರ್ ಓದಿದ್ದರಿಂದ ಅವನು ಕಾರನ್ನು ನೋಡುತ್ತಿದ್ದ ರೀತಿಯೇ ಬೇರೆ. ಒಂದು ಭಾಗ ಒಂದೇ ಕೆಲಸ ಮಾಡುತ್ತಿದ್ದರೆ ಅದು ದಂಡದ ತೂಕ, ಅದರಿಂದ ಎರಡು ಕೆಲಸ ಮಾಡಿಸಬೇಕು ಅನ್ನೋದು ಅವನ ನಂಬಿಕೆ. ಈ ಯೋಚನೆಯಿಂದಲೇ ಬಂದದ್ದು 1957ರ ಲೋಟಸ್ 12ರ ಹಿಂಬದಿಯ ಸಸ್ಪೆನ್ಷನ್, ಅಂದರೆ ಇವತ್ತು ಚಾಪ್‌ಮನ್ ಸ್ಟ್ರಟ್ ಅಂತ ಕರೆಯೋದು. ಅದರಲ್ಲಿ ಸ್ಪ್ರಿಂಗ್ ಮತ್ತು ಡ್ಯಾಂಪರ್ ಸೇರಿದ ಉದ್ದನೆಯ ಕಂಬವೇ ಚಕ್ರವನ್ನು ನೆಟ್ಟಗೆ ಹಿಡಿದುಕೊಳ್ಳುತ್ತೆ, ಮೇಲೆ ಬೇರೆ ಲಿಂಕ್ ಬೇಕಿಲ್ಲ. ಚಕ್ರವನ್ನು ತಿರುಗಿಸೋ ಡ್ರೈವ್ ಶಾಫ್ಟೇ ಅಡ್ಡಡ್ಡ ಲಿಂಕಿನ ಕೆಲಸವನ್ನೂ ಮಾಡುತ್ತೆ.

1962ರಲ್ಲಿ ಬಂದ ಎಲಾನ್ ಈ ಕಥೆಯ ಮುಖ್ಯ ಪಾತ್ರ. ಬೆನ್ನೆಲುಬಿನಂಥ ಉಕ್ಕಿನ ಛಾಸಿ, ಮೇಲೆ ಫೈಬರ್‌ಗ್ಲಾಸ್ ಬಾಡಿ, ಒಟ್ಟು ತೂಕ 700 ಕೆಜಿಗಿಂತ ಕಡಿಮೆ. ಮುಂದೆ ಡಬಲ್ ವಿಷ್‌ಬೋನ್, ಹಿಂದೆ ಚಾಪ್‌ಮನ್ ಸ್ಟ್ರಟ್ ಮತ್ತು ಕೆಳಗೆ ಅಗಲವಾದ ವಿಷ್‌ಬೋನ್. ಸ್ಪೋರ್ಟ್ಸ್ ಕಾರ್ ಅಂದರೆ ಬೆನ್ನು ಮುರಿಯುವಷ್ಟು ಗಟ್ಟಿ ಅಂತ ಎಲ್ಲರೂ ಅಂದುಕೊಂಡಿದ್ದ ಕಾಲದಲ್ಲಿ ಚಾಪ್‌ಮನ್ ಇದಕ್ಕೆ ಮೆತ್ತನೆಯ ಸ್ಪ್ರಿಂಗ್ ಹಾಕಿದ, ಚಕ್ರಕ್ಕೆ ಧಾರಾಳವಾಗಿ ಮೇಲೆ ಕೆಳಗೆ ಆಡೋಕೆ ಜಾಗ ಕೊಟ್ಟ. ಆ ಆಟವನ್ನು ಹದ್ದುಬಸ್ತಿನಲ್ಲಿ ಇಡೋ ಜವಾಬ್ದಾರಿ ಡ್ಯಾಂಪರಿನದು. ಟೈರ್ ರಸ್ತೆಗೆ ಅಂಟಿಕೊಂಡಿದ್ದರೆ ತಾನೇ ಹಿಡಿತ?

ಇಲ್ಲಿ ಸ್ವಲ್ಪ ವೈಬ್ರೇಷನ್ಸ್ ಕ್ಲಾಸ್ ನೆನಪಿಸಿಕೊಳ್ಳಿ. ಕಾರಿನ ಭಾರ ಹೊರೋದು ಸ್ಪ್ರಿಂಗ್. ಡ್ಯಾಂಪರ್ ಭಾರ ಹೊರಲ್ಲ, ಅದು ಚಲನೆಯ ವೇಗವನ್ನು ಮಾತ್ರ ತಡೆಯುತ್ತೆ. ಬಿಗಿತ ಮತ್ತು ದ್ರವ್ಯರಾಶಿಯನ್ನು ಗುಣಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದರೆ ಕ್ರಿಟಿಕಲ್ ಡ್ಯಾಂಪಿಂಗ್ ಸಿಗುತ್ತೆ. ಲೆಕ್ಕಕ್ಕೆ ಅಂತ ಒಂದು ಚಕ್ರದ ಮೇಲೆ 150 ಕೆಜಿ, ಬಿಗಿತ ಮೀಟರಿಗೆ 15,000 ನ್ಯೂಟನ್ ಅಂತ ಇಟ್ಟುಕೊಳ್ಳಿ. ಉತ್ತರ 3,000. ಸ್ಪ್ರಿಂಗ್ ಎರಡರಷ್ಟು ಗಟ್ಟಿ ಮಾಡಿದರೂ ಅದು ಹೋಗೋದು ಸುಮಾರು 4,240ಕ್ಕೆ ಮಾತ್ರ. ರಸ್ತೆ ಕಾರಿಗೆ ಬೇಕಾಗೋದು ಇದರಲ್ಲೊಂದು ಪಾಲು ಅಷ್ಟೇ.

ಹಾಗಾಗಿ ಇವತ್ತು ಹಳೆ ಎಲಾನ್ ಇಟ್ಟುಕೊಂಡವರು ಹೊಸ ಡ್ಯಾಂಪರ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಗಟ್ಟಿ ಅನ್ನೋದಲ್ಲ, ಈಗ ಗಾಡಿಯಲ್ಲಿರೋ ಸ್ಪ್ರಿಂಗ್ ಯಾವುದು ಅನ್ನೋದು. ಮೂಲದ ಮೆತ್ತನೆಯ ಸ್ಪ್ರಿಂಗ್ ಹಾಗೇ ಬಿಟ್ಟು ಅತಿ ಗಟ್ಟಿ ಡ್ಯಾಂಪರ್ ಹಾಕಿದರೆ, ಉಬ್ಬು ದಾಟಿದ ಚಕ್ರ ಮತ್ತೆ ಕೆಳಗೆ ಇಳಿಯೋದು ತಡವಾಗುತ್ತೆ. ಅಷ್ಟರಲ್ಲಿ ಮುಂದಿನ ಉಬ್ಬು ಬಂದಿರುತ್ತೆ. ಹೀಗೇ ಆಗ್ತಾ ಆಗ್ತಾ ಕಾರು ಕುಗ್ಗಿ ಕೂತು, ಇದ್ದ ಹಿಡಿತವೂ ಹೋಗುತ್ತೆ. ಹಿಂಬದಿಯಲ್ಲಿ ಇನ್ನೂ ಹುಷಾರಾಗಿರಬೇಕು. ಅಲ್ಲಿ ಸ್ಟ್ರಟ್ಟೇ ಚಕ್ರವನ್ನು ನಿಲ್ಲಿಸೋ ಕಂಬ. ಎಣ್ಣೆ ಸೋರಿಲ್ಲ ಅಂದ ಮಾತ್ರಕ್ಕೆ ಸರಿಯಿದೆ ಅಂತಲ್ಲ, ರಾಡ್ ಸವೆದು ಅಲುಗಾಡಿದರೆ ಚಕ್ರವೇ ಅಲುಗಾಡಿದ ಹಾಗೆ. ಒಂದು ಭಾಗಕ್ಕೆ ಎರಡು ಕೆಲಸ ಕೊಟ್ಟರೆ ಅದು ಕೆಟ್ಟಾಗ ಎರಡೂ ಕೆಲಸ ಕೆಡುತ್ತೆ.

ಇದೇ ಮಾತು ಚಾಪ್‌ಮನ್‌ನ ಬದುಕಿಗೂ ಅನ್ವಯಿಸುತ್ತೆ. 1962ರ ಲೋಟಸ್ 25ರಲ್ಲಿ ಫಾರ್ಮುಲಾ ಒನ್‌ಗೆ ಮೊನೊಕಾಕ್ ತಂದ. ಜಿಮ್ ಕ್ಲಾರ್ಕ್ 1963 ಮತ್ತು 1965ರಲ್ಲಿ ವಿಶ್ವ ಚಾಂಪಿಯನ್ ಆದ. 1967ರ ಲೋಟಸ್ 49ರಲ್ಲಿ ಇಂಜಿನ್ನೇ ಛಾಸಿಯ ಭಾಗ. ಆದರೆ ಹಗುರ ಮಾಡುವ ಹಟಕ್ಕೆ ಬೆಲೆಯೂ ಇತ್ತು. 1969ರ ಸ್ಪೇನ್ ರೇಸ್‌ನಲ್ಲಿ ರೆಕ್ಕೆ ಮುರಿದು ಅಪಘಾತವಾದ ಮೇಲೆ, ಅವನ ಡ್ರೈವರ್ ಯೋಖೆನ್ ರಿಂಟ್ ಅವನಿಗೆ ಪತ್ರ ಬರೆದ. ಕಾರು ಬೇಕಾದಷ್ಟು ವೇಗವಾಗಿದೆ, ಸ್ವಲ್ಪ ತೂಕ ಹೆಚ್ಚಾದರೂ ಪರವಾಗಿಲ್ಲ, ದುರ್ಬಲ ಭಾಗಗಳನ್ನು ಬಲಪಡಿಸು ಅನ್ನೋದು ಪತ್ರದ ಸಾರ.

ಮುಂದಿನ ವರ್ಷ ಬಂದದ್ದು ಲೋಟಸ್ 72. ಚಕ್ರದ ಜೊತೆ ಕುಣಿಯೋ ತೂಕ ಕಡಿಮೆಯಾದಷ್ಟೂ ಡ್ಯಾಂಪರಿನ ಕೆಲಸ ಸುಲಭ ಅಂತ ಮುಂದಿನ ಬ್ರೇಕುಗಳನ್ನು ಚಕ್ರದಿಂದ ಕಿತ್ತು ಬಾಡಿಯ ಒಳಗೆ ಇಟ್ಟಿದ್ದ. ಬ್ರೇಕಿನಿಂದ ಚಕ್ರಕ್ಕೆ ಒಂದು ಶಾಫ್ಟ್. ಲೆಕ್ಕದ ಪ್ರಕಾರ ಸೊಗಸಾದ ಪರಿಹಾರ. 1970ರ ಸೆಪ್ಟೆಂಬರ್ 5ರಂದು ಮೊಂಜಾದ ಪ್ರಾಕ್ಟೀಸ್‌ನಲ್ಲಿ ಬಲ ಮುಂಚಕ್ರದ ಆ ಶಾಫ್ಟ್ ಮುರಿಯಿತು. ರಿಂಟ್ ಸತ್ತ. ಆ ವರ್ಷದ ಚಾಂಪಿಯನ್ ಪಟ್ಟ ಸತ್ತ ಮೇಲೆ ಅವನಿಗೆ ಸಿಕ್ಕಿತು. ಆ ಪತ್ರ ಇವತ್ತಿಗೂ ಡಿಸೈನ್ ಮಾಡುವ ಪ್ರತಿಯೊಬ್ಬರ ಮೇಜಿನ ಮೇಲಿರಬೇಕು ಅನ್ನಿಸುತ್ತೆ.

1978ರಲ್ಲಿ ಗ್ರೌಂಡ್ ಎಫೆಕ್ಟ್ ಬಳಸಿದ ಲೋಟಸ್ 79ರಲ್ಲಿ ಮಾರಿಯೋ ಆಂಡ್ರೆಟ್ಟಿ ಚಾಂಪಿಯನ್. ಕಾರಿನ ತಳದ ಗಾಳಿ ಅದನ್ನು ನೆಲಕ್ಕೆ ಎಳೆಯಬೇಕಾದರೆ ನೆಲದಿಂದ ಎತ್ತರ ಬದಲಾಗಬಾರದು. ಅದಕ್ಕೆ ಎಲ್ಲ ತಂಡಗಳೂ ಕಲ್ಲಿನಂಥ ಸ್ಪ್ರಿಂಗ್ ಹಾಕತೊಡಗಿದವು. ಮೆತ್ತನೆಯ ಸ್ಪ್ರಿಂಗ್ ಪ್ರಚಾರ ಮಾಡಿದವನ ಐಡಿಯಾನೇ ಎಲ್ಲರನ್ನೂ ಗಟ್ಟಿ ಸ್ಪ್ರಿಂಗಿಗೆ ತಳ್ಳಿತ್ತು! ಇದರಿಂದ ಹೊರಬರೋಕೆ 1981ರಲ್ಲಿ ಲೋಟಸ್ 88 ಮಾಡಿದ. ಗಾಳಿಯ ಒತ್ತಡ ಹೊರೋಕೆ ಗಟ್ಟಿ ಸ್ಪ್ರಿಂಗಿನ ಒಂದು ಛಾಸಿ, ಡ್ರೈವರ್‌ಗೆ ಮೆತ್ತನೆಯ ಇನ್ನೊಂದು. ಅದನ್ನು ಬ್ಯಾನ್ ಮಾಡಿದರು. ಆಮೇಲೆ ಅವನ ತಂಡ ಕಂಪ್ಯೂಟರ್ ಮತ್ತು ಹೈಡ್ರಾಲಿಕ್ಸ್‌ನಿಂದ ನಡೆಯೋ ಆಕ್ಟಿವ್ ಸಸ್ಪೆನ್ಷನ್‌ಗೆ ಕೈ ಹಾಕಿತು.

1982ರ ಡಿಸೆಂಬರ್ 16ರಂದು ಹೃದಯಾಘಾತದಿಂದ ಚಾಪ್‌ಮನ್ ತೀರಿಕೊಂಡ. ವಯಸ್ಸು 54. ಆಗ ಡಿಲೋರಿಯನ್ ಕಾರ್ ಯೋಜನೆಯ ಹಣ ಕಾಣೆಯಾದ ಹಗರಣದ ನೆರಳು ಅವನ ಮೇಲಿತ್ತು. ಆ ಕಳಂಕವನ್ನು ಕಥೆಯಿಂದ ಬಿಡೋಕಾಗಲ್ಲ. ಅವನು ಸತ್ತ ದಿನವೇ ಆಕ್ಟಿವ್ ಸಸ್ಪೆನ್ಷನ್ ಇದ್ದ ಲೋಟಸ್ ಫಾರ್ಮುಲಾ ಒನ್ ಕಾರಿನ ಮೊದಲ ಟೆಸ್ಟ್ ನಡೆಯಿತು. 1987ರಲ್ಲಿ ಆಯರ್ಟನ್ ಸೆನ್ನಾ ಅದೇ ತಂತ್ರಜ್ಞಾನದ ಲೋಟಸ್ ಓಡಿಸಿ ಮೊನಾಕೊ ಮತ್ತು ಡೆಟ್ರಾಯ್ಟ್ ಗೆದ್ದ.

ಮುಂದಿನ ಸಲ ಬಾಹಾ ಗಾಡಿಗೋ ಅಪ್ಪನ ಹಳೆ ಕಾರಿಗೋ ಶಾಕ್ ಅಬ್ಸಾರ್ಬರ್ ಆರಿಸೋಕೆ ಕೂತಾಗ ಮೊದಲು ತೂಕ ಹಾಕಿ, ಸ್ಪ್ರಿಂಗ್ ಅಳೆಯಿರಿ, ವರ್ಗಮೂಲ ತೆಗೆಯಿರಿ. ಆಮೇಲೆ ಅಂಗಡಿಗೆ ಹೋಗಿ. ಎಲ್ಲಿ ತೂಕ ಇಳಿಸಬಾರದು ಅನ್ನೋದನ್ನು ಮಾತ್ರ ರಿಂಟ್‌ನ ಪತ್ರದಿಂದ ಕಲಿಯಿರಿ.