ಪೀಠಕ್ಕೆ ಚಂದಾ ಎತ್ತಿದ ಪತ್ರಕರ್ತ

ಜೋಸೆಫ್ ಪುಲಿಟ್ಜರ್ ಹೆಸರು ನಮಗೆ ಗೊತ್ತಿರುವುದು ಪ್ರಶಸ್ತಿಯಿಂದ. ಆತ ಹದಿನೇಳರ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದಿಳಿದಾಗ ಇಂಗ್ಲಿಷ್ ಸರಿಯಾಗಿ ಬರುತ್ತಲೇ ಇರಲಿಲ್ಲ ಎಂಬುದು ಅಷ್ಟಾಗಿ ಯಾರಿಗೂ ತಿಳಿಯದು.

1847ರಲ್ಲಿ ಹಂಗೇರಿಯ ಮಾಕೋ ಎಂಬ ಊರಿನಲ್ಲಿ, ಧಾನ್ಯ ವ್ಯಾಪಾರ ಮಾಡುತ್ತಿದ್ದ ಯೆಹೂದಿ ಮನೆತನದಲ್ಲಿ ಹುಟ್ಟಿದ ಹುಡುಗನಿಗೆ ಸಿಪಾಯಿಯಾಗುವ ಹಂಬಲ. ಕಣ್ಣು ಮಂದ, ಮೈ ಸಣಕಲು ಎಂದು ಯೂರೋಪಿನ ಸೈನ್ಯಗಳು ಬೇಡವೆಂದವು. ಅಂತರ್ಯುದ್ಧಕ್ಕೆ ಆಳು ಸಾಲದೆ ಹುಡುಕುತ್ತಿದ್ದ ಅಮೆರಿಕದ ಉತ್ತರದವರು 1864ರಲ್ಲಿ ಸೇರಿಸಿಕೊಂಡರು. ಆತ ಸೇರಿದ ಲಿಂಕನ್ ಅಶ್ವದಳದಲ್ಲಿ ಜರ್ಮನ್ ಮಾತನಾಡುವವರೇ ಬಹಳ ಮಂದಿ.

ಯುದ್ಧ ಮುಗಿದ ಮೇಲೆ ಕೈಯಲ್ಲಿ ಕಾಸಿಲ್ಲ. ಸೇಂಟ್ ಲೂಯಿಸ್ ಸೇರಿ ಹೇಸರಗತ್ತೆ ನೋಡಿಕೊಂಡ, ಹೋಟೆಲಿನಲ್ಲಿ ಬಡಿಸಿದ. ಬಿಡುವಾದಾಗಲೆಲ್ಲ ಅಲ್ಲಿನ ಮರ್ಕೆಂಟೈಲ್ ಲೈಬ್ರರಿಯಲ್ಲಿ ಕುಳಿತು ಇಂಗ್ಲಿಷ್ ಕಲಿತ. ಆದರೆ 1868ರಲ್ಲಿ ಮೊದಲ ಪತ್ರಿಕಾ ಕೆಲಸ ಕೊಟ್ಟಿದ್ದು ವಲಸಿಗರ ಜರ್ಮನ್ ದಿನಪತ್ರಿಕೆ. ವಾರಾಂತ್ಯದಲ್ಲಿ ಕನ್ನಡ ಕಲಿತು ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಈ ಸಂಗತಿ ಹೇಳುವುದುಂಟು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಆತ ಅದೇ ಊರಿನಲ್ಲಿ ಇಂಗ್ಲಿಷ್ ಪತ್ರಿಕೆಯೊಂದರ ಒಡೆಯ. 1883ರಲ್ಲಿ ನ್ಯೂಯಾರ್ಕಿನ 'ವರ್ಲ್ಡ್' ಪತ್ರಿಕೆಯನ್ನೂ ಕೊಂಡುಕೊಂಡ.

ಆಗ ಸ್ವಾತಂತ್ರ್ಯ ದೇವತೆಯ ಪ್ರತಿಮೆಯನ್ನು ಫ್ರಾನ್ಸಿನ ಜನ ಕೊಡುವುದೆಂದೂ, ಅದು ನಿಲ್ಲುವ ಪೀಠವನ್ನು ಅಮೆರಿಕದವರು ಕಟ್ಟುವುದೆಂದೂ ಒಪ್ಪಂದವಾಗಿತ್ತು. ಪ್ರತಿಮೆ ಸಿದ್ಧವಾಯಿತು, ಪೀಠ ಅರ್ಧಕ್ಕೇ ನಿಂತಿತು. ಇನ್ನೂ ಸುಮಾರು 1,00,000 ಡಾಲರ್ ಬೇಕಿತ್ತು. ಸಿರಿವಂತರು ಕೈ ಬಿಚ್ಚಲಿಲ್ಲ. 1885ರ ಮಾರ್ಚಿನಲ್ಲಿ ಪುಲಿಟ್ಜರ್ ತನ್ನ ಪತ್ರಿಕೆಯಲ್ಲಿ ಜನಸಾಮಾನ್ಯರ ಮುಂದೆ ಜೋಳಿಗೆ ಹಿಡಿದ. ಎಷ್ಟೇ ಚಿಲ್ಲರೆ ಕೊಟ್ಟರೂ ಕೊಟ್ಟವರ ಹೆಸರನ್ನು ಅಚ್ಚು ಹಾಕುವುದಾಗಿ ಮಾತು ಕೊಟ್ಟು, ಅದರಂತೆ ನಡೆದ. ಐಯೋವಾ ರಾಜ್ಯದ ಡ್ಯಾವೆನ್‌ಪೋರ್ಟಿನ ಶಿಶುವಿಹಾರವೊಂದರಿಂದ 1 ಡಾಲರ್ 35 ಸೆಂಟ್ ಬಂತು. ಆಗಸ್ಟ್ ಹೊತ್ತಿಗೆ 1,20,000ಕ್ಕೂ ಹೆಚ್ಚು ಮಂದಿಯಿಂದ ಲಕ್ಷ ಡಾಲರ್ ತುಂಬಿತು. ಹೆಚ್ಚಿನವರು ಕೊಟ್ಟಿದ್ದು ಒಂದು ಡಾಲರಿಗಿಂತ ಕಡಿಮೆ. ಪತ್ರಿಕೆಯ ಪ್ರಸಾರವೂ ಏರಿತೆನ್ನಿ. ವ್ಯಾಪಾರ ಬಲ್ಲ ಮನುಷ್ಯ.

1887ರಲ್ಲಿ ಇದೇ ಪತ್ರಿಕೆಯ ನೆಲ್ಲಿ ಬ್ಲೈ ಎಂಬ ತರುಣಿ ಹುಚ್ಚಿಯಂತೆ ನಟಿಸಿ, ನ್ಯೂಯಾರ್ಕಿನ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಹತ್ತು ದಿನವಿದ್ದು, ಅಲ್ಲಿನ ಹೆಂಗಸರ ಪಾಡನ್ನು ಬರೆದಳು. ತನಿಖೆಯಾಯಿತು, ರೋಗಿಗಳ ಆರೈಕೆಗೆ ಹೆಚ್ಚಿನ ಹಣವೂ ಬಂತು.

ಇಷ್ಟು ಮಾಡಿದವನೇ 1890ರ ದಶಕದಲ್ಲಿ ಹರ್ಸ್ಟ್ ಎಂಬ ಎದುರಾಳಿಯೊಡನೆ ಜಿದ್ದಿಗೆ ಬಿದ್ದು, ಕ್ಯೂಬಾದ ಸುದ್ದಿಗಳನ್ನು ಉಬ್ಬಿಸಿ ಬರೆಸಿ, 1898ರ ಯುದ್ಧದ ಕಾವು ಹೆಚ್ಚಿಸಿದ. ಮಕ್ಕಳಿಗೆ ಈತನ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳುವುದು ನ್ಯಾಯವಲ್ಲ.

ಅಷ್ಟರಲ್ಲಿ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಸಣ್ಣ ಸದ್ದೂ ಸಹಿಸಲಾಗದ ಕಾಯಿಲೆ ಬೇರೆ. ಪತ್ರಿಕೆಯನ್ನು ಕಾರ್ಯದರ್ಶಿಗಳಿಂದ ಓದಿಸಿ ಕೇಳಿ, ದೂರದಿಂದಲೇ ನಡೆಸಿದ. ಪತ್ರಿಕೋದ್ಯಮ ಕಲಿಸಲು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ 20 ಲಕ್ಷ ಡಾಲರ್ ಕೊಡಲು ಏರ್ಪಾಡು ಮಾಡಿದ. ಶಾಲೆ 1912ರಲ್ಲಿ, ಪ್ರಶಸ್ತಿಗಳು 1917ರಲ್ಲಿ ಆರಂಭವಾದವು. ಆತ ಎರಡನ್ನೂ ಕಾಣಲಿಲ್ಲ. 1911ರ ಅಕ್ಟೋಬರ್ 29ರಂದು ಚಾರ್ಲ್‌ಸ್ಟನ್ ಬಂದರಿನಲ್ಲಿ, 'ಲಿಬರ್ಟಿ' ಎಂದು ತಾನೇ ಹೆಸರಿಟ್ಟ ಹಡಗಿನಲ್ಲಿ ಮಲಗಿ, ಜರ್ಮನ್ ಕಾರ್ಯದರ್ಶಿ ಓದುತ್ತಿದ್ದುದನ್ನು ಕೇಳುತ್ತ ಕೇಳುತ್ತ ನಿದ್ದೆಗೆ ಜಾರಿದ. ಆ ಮಧ್ಯಾಹ್ನವೇ ತೀರಿಕೊಂಡ.