ಎರಡನೆಯ ಭಾಸ್ಕರಾಚಾರ್ಯ

ಭಾಸ್ಕರಾಚಾರ್ಯರು (ಜನನ: ಕ್ರಿ.ಶ. 1114) ಹನ್ನೆರಡನೆಯ ಶತಮಾನದ ಗಣಿತಜ್ಞರು ಹಾಗೂ ಖಗೋಳಜ್ಞರು. ಏಳನೆಯ ಶತಮಾನದ ಇದೇ ಹೆಸರಿನ ಗಣಿತಜ್ಞರಿಂದ ಬೇರೆಯಾಗಿ ಗುರುತಿಸಲು ಇವರನ್ನು ಎರಡನೆಯ ಭಾಸ್ಕರ ಎಂದು ಕರೆಯಲಾಗುತ್ತದೆ. ಇವರ ಪ್ರಧಾನ ಗ್ರಂಥ 'ಸಿದ್ಧಾಂತ ಶಿರೋಮಣಿ'. ಇದರ ಭಾಗಗಳಾದ 'ಲೀಲಾವತಿ' ಮತ್ತು 'ಬೀಜಗಣಿತ' ಶತಮಾನಗಳ ಕಾಲ ಭಾರತದಲ್ಲಿ ಪಠ್ಯಗ್ರಂಥಗಳಾಗಿದ್ದವು. ಸಾಲ, ಬಡ್ಡಿ, ಪಾಲುದಾರಿಕೆ, ಬೆಲೆ ಮುಂತಾದ ವ್ಯವಹಾರದ ಪ್ರಶ್ನೆಗಳ ಮೂಲಕ ಅವ್ಯಕ್ತ ರಾಶಿಗಳ ಗಣಿತವನ್ನು ಕಲಿಸಿದ್ದು ಇವರ ಬೋಧನೆಯ ವೈಶಿಷ್ಟ್ಯ.

ಜನನ ಮತ್ತು ಜನ್ಮಸ್ಥಳ

ಶಕ 1036ರಲ್ಲಿ ತಾವು ಜನಿಸಿದುದಾಗಿಯೂ 36ನೆಯ ವಯಸ್ಸಿನಲ್ಲಿ ಸಿದ್ಧಾಂತ ಶಿರೋಮಣಿಯನ್ನು ರಚಿಸಿದುದಾಗಿಯೂ ಭಾಸ್ಕರಾಚಾರ್ಯರೇ ತಿಳಿಸಿದ್ದಾರೆ. ಅದರಂತೆ ಗ್ರಂಥ ರಚನೆಯ ವರ್ಷ ಕ್ರಿ.ಶ. 1150. ಸಹ್ಯಾದ್ರಿಯ ಸಮೀಪದ ವಿಜ್ಜಡವಿಡ ತಮ್ಮ ಊರೆಂದು ಅವರು ಹೇಳಿಕೊಂಡಿದ್ದಾರೆ. ಈ ಊರನ್ನು ಇಂದಿನ ವಿಜಯಪುರವೆಂದು ಗುರುತಿಸುವ ಅಭಿಪ್ರಾಯ ಕರ್ನಾಟಕದಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಆದರೆ ವಿಜಯಪುರ, ಬಬಲೇಶ್ವರ, ತಿಕೋಟಾ ಇರುವ ಬಯಲು ಸೀಮೆ ಸಹ್ಯಾದ್ರಿಯಿಂದ ದೂರವಿದೆ. ಈ ಕಾರಣದಿಂದ ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣ ಅಥವಾ ಅದರ ಆಸುಪಾಸಿನ ಸ್ಥಳವೇ ವಿಜ್ಜಡವಿಡವೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಪ್ರಶ್ನೆ ಇತ್ಯರ್ಥವಾಗಿಲ್ಲ. ಭಾಸ್ಕರಾಚಾರ್ಯರು ಜನಿಸಿದಾಗ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದನು. ವಿಜಯಪುರದ ಪ್ರದೇಶವೂ ಅವನ ರಾಜ್ಯಕ್ಕೆ ಸೇರಿತ್ತು.

ವಂಶ ಮತ್ತು ವಿದ್ಯಾಭ್ಯಾಸ

ಭಾಸ್ಕರಾಚಾರ್ಯರದು ಶಾಂಡಿಲ್ಯ ಗೋತ್ರದ ವಿದ್ವಾಂಸರ ಮನೆತನ. ತಂದೆ ಮಹೇಶ್ವರರು ಜ್ಯೋತಿಷ ಶಾಸ್ತ್ರದಲ್ಲಿ ಪಂಡಿತರು. ಅವರೇ ಮಗನಿಗೆ ಗುರುಗಳಾದರು. ಬ್ರಹ್ಮಗುಪ್ತ, ಶ್ರೀಧರ, ಪದ್ಮನಾಭ ಇವರ ಬೀಜಗಣಿತ ಗ್ರಂಥಗಳು ಅತಿ ವಿಸ್ತಾರವಾಗಿರುವುದರಿಂದ ಅವುಗಳ ಸಾರವನ್ನು ಸಂಗ್ರಹಿಸಿ ವಿದ್ಯಾರ್ಥಿಗಳಿಗೆ ಒದಗಿಸಿರುವುದಾಗಿ ಭಾಸ್ಕರಾಚಾರ್ಯರು ಸ್ಮರಿಸಿದ್ದಾರೆ.

ವ್ಯವಹಾರ ಗಣಿತದ ಹಿನ್ನೆಲೆಯೂ ಈ ನಾಡಿನಲ್ಲಿ ಮೊದಲೇ ಸಿದ್ಧವಾಗಿತ್ತು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರ ಸಂಗ್ರಹ'ದಲ್ಲಿ ಬಡ್ಡಿಯ ಲೆಕ್ಕಗಳನ್ನು ವಿವರವಾಗಿ ನಿರೂಪಿಸಿದ್ದರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ರಚಿಸಿದನು.

ಲೀಲಾವತಿ ಮತ್ತು ವ್ಯವಹಾರದ ಲೆಕ್ಕಗಳು

ಲೀಲಾವತಿಯು ವ್ಯಕ್ತಗಣಿತ, ಅಂದರೆ ತಿಳಿದ ಸಂಖ್ಯೆಗಳ ಗಣಿತ. ವರಾಟಕ, ಕಾಕಿಣಿ, ಪಣ, ದ್ರಮ್ಮ, ನಿಷ್ಕ ಎಂಬ ನಾಣ್ಯಮಾನಗಳ ಪರಿಚಯದಿಂದ ಗ್ರಂಥ ಆರಂಭವಾಗುತ್ತದೆ. ಮೂರು ರಾಶಿಗಳು ತಿಳಿದಿರುವಾಗ ನಾಲ್ಕನೆಯದನ್ನು ಕಂಡುಹಿಡಿಯುವ ತ್ರೈರಾಶಿಕಕ್ಕೆ ಇದರಲ್ಲಿ ಕೇಂದ್ರಸ್ಥಾನವಿದೆ. ಅದನ್ನೇ ವಿಸ್ತರಿಸಿದ ಪಂಚರಾಶಿಕದಿಂದ ಬಡ್ಡಿಯನ್ನು ಗಣಿಸಲಾಗುತ್ತದೆ. ನೂರಕ್ಕೆ ತಿಂಗಳಿಗೆ 5ರಂತೆ, 16ಕ್ಕೆ 12 ತಿಂಗಳಲ್ಲಿ ಎಷ್ಟು ಬಡ್ಡಿ ಎಂಬುದು ಅಲ್ಲಿನ ಒಂದು ಪ್ರಶ್ನೆ. ಉತ್ತರ 9 ಪೂರ್ಣಾಂಕ 3/5. ಅಸಲು ಅಥವಾ ಕಾಲ ಎಷ್ಟು ಪಟ್ಟು ಹೆಚ್ಚಿದರೆ ಬಡ್ಡಿಯೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಇಂದಿನ ಅರ್ಥಶಾಸ್ತ್ರದ ವಿದ್ಯಾರ್ಥಿ ಮೊದಲು ಕಲಿಯುವ ಸರಳ ಫಂಕ್ಷನ್ ಈ ಅನುಪಾತ ಸಂಬಂಧವೇ ಆಗಿದೆ.

ಮಿಶ್ರ ವ್ಯವಹಾರದಲ್ಲಿ ಪ್ರಶ್ನೆ ಹಿಮ್ಮುಖವಾಗುತ್ತದೆ. ತಿಂಗಳಿಗೆ ನೂರಕ್ಕೆ 5ರ ದರದಲ್ಲಿ ವರ್ಷದ ಕೊನೆಗೆ ಅಸಲು, ಬಡ್ಡಿ ಸೇರಿ 1000 ಆದರೆ ಅಸಲು ಎಷ್ಟು, ಬಡ್ಡಿ ಎಷ್ಟು? ವರ್ಷಕ್ಕೆ ನೂರಕ್ಕೆ 60 ಬಡ್ಡಿಯಾಗುವುದರಿಂದ ನೂರು ಅಸಲು 160 ಆಗುತ್ತದೆ. ಆದಕಾರಣ ಅಸಲು 625, ಬಡ್ಡಿ 375. ಕ್ರಮವಾಗಿ 51, 68, 85 ಬಂಡವಾಳ ಹೂಡಿದ ಮೂವರು ವರ್ತಕರ ಮೊತ್ತ 300 ಆದಾಗ ಅವರ ಪಾಲುಗಳು 75, 100, 125 ಎಂಬ ಲೆಕ್ಕವೂ ಇಲ್ಲಿದೆ.

ಲೀಲಾವತಿ ಎಂಬುದು ಭಾಸ್ಕರಾಚಾರ್ಯರ ಮಗಳ ಹೆಸರೆಂದೂ, ತಪ್ಪಿಹೋದ ಆಕೆಯ ವಿವಾಹ ಮುಹೂರ್ತದ ದುಃಖವನ್ನು ಮರೆಸಲು ಗ್ರಂಥ ಬರೆದರೆಂದೂ ಒಂದು ಕಥೆ ಪ್ರಸಿದ್ಧವಾಗಿದೆ. ಇದು ಬಹುಕಾಲದ ನಂತರ ಪರ್ಷಿಯನ್ ಅನುವಾದದ ಮೂಲಕ ಪ್ರಚಾರಕ್ಕೆ ಬಂದುದು. ಮೂಲಗ್ರಂಥದಲ್ಲಿ ಈ ಕಥೆಯಿಲ್ಲ.

ಬೀಜಗಣಿತ

ಬೀಜಗಣಿತವು ಅವ್ಯಕ್ತಗಣಿತ, ಅಂದರೆ ತಿಳಿಯದ ರಾಶಿಗಳ ಗಣಿತ. ತಿಳಿಯದ ಮೊದಲ ರಾಶಿಗೆ 'ಯಾವತ್ತಾವತ್' ಎಂದು ಹೆಸರು. ಇನ್ನೂ ರಾಶಿಗಳು ಬೇಕಾದಾಗ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರನ್ನಿಟ್ಟು ಅವುಗಳ ಮೊದಲ ಅಕ್ಷರಗಳನ್ನು ಬರೆಯಲಾಗುತ್ತದೆ. ಸೊನ್ನೆಗಿಂತ ಹೆಚ್ಚಿನ ಸಂಖ್ಯೆ 'ಧನ', ಕಡಿಮೆಯದು 'ಋಣ'. ಋಣ ಸಂಖ್ಯೆಯ ಮೇಲೆ ಒಂದು ಚುಕ್ಕೆ ಇಡಲಾಗುತ್ತದೆ. ಬ್ರಹ್ಮಗುಪ್ತರ ಕಾಲದಿಂದಲೂ ಬಳಕೆಯಲ್ಲಿದ್ದ ಈ ಎರಡು ಪದಗಳಿಗೆ ಆಸ್ತಿ ಮತ್ತು ಸಾಲ ಎಂಬುದೇ ಮೂಲಾರ್ಥ. ಕನ್ನಡ ಶಾಲೆಗಳಲ್ಲಿ ಇಂದಿಗೂ ಇವೇ ಪದಗಳು ಬಳಕೆಯಲ್ಲಿವೆ.

ಸಾಲವನ್ನು ಸಮೀಕರಣದಲ್ಲಿ ನಿರ್ವಹಿಸುವ ಬಗೆ ಕುದುರೆಗಳ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. ಒಬ್ಬನ ಬಳಿ 300 ನಾಣ್ಯ ಮತ್ತು 6 ಕುದುರೆಗಳಿವೆ. ಇನ್ನೊಬ್ಬನ ಬಳಿ ಅದೇ ಬೆಲೆಯ 10 ಕುದುರೆಗಳಿದ್ದರೂ 100 ನಾಣ್ಯ ಸಾಲವಿದೆ. ಇಬ್ಬರ ಸಂಪತ್ತೂ ಸಮಾನ. ಕುದುರೆಯ ಬೆಲೆಯನ್ನು ಯಾವತ್ತಾವತ್ ಎಂದಿಟ್ಟು ಎರಡು ಪಕ್ಷಗಳನ್ನು ಒಂದರ ಕೆಳಗೊಂದು ಬರೆದು ಶೋಧಿಸಿದರೆ, 4 ಕುದುರೆಗಳ ಬೆಲೆ 400 ಎಂದು ಉಳಿಯುತ್ತದೆ. ಒಂದು ಕುದುರೆಗೆ 100 ನಾಣ್ಯ. ಪ್ರತಿಯೊಬ್ಬನ ಸಂಪತ್ತು 900.

ವರ್ಗ ಸಮೀಕರಣಕ್ಕೆ ಎರಡು ಉತ್ತರಗಳು ಬರಬಹುದೆಂಬುದನ್ನು ಅವರು ಅರಿತಿದ್ದರು. ಕಪಿಗಳ ಹಿಂಡಿನ ಒಂದು ಲೆಕ್ಕದಲ್ಲಿ 16 ಮತ್ತು 48 ಎರಡನ್ನೂ ಸ್ವೀಕರಿಸಿದರು. ಅದೇ ಬಗೆಯ ಇನ್ನೊಂದು ಲೆಕ್ಕದಲ್ಲಿ ಹಿಂಡಿನ ಐದನೆಯ ಒಂದು ಭಾಗದಿಂದ 3 ಕಳೆದು ವರ್ಗಿಸಬೇಕು. ಅಲ್ಲಿ 50 ಮತ್ತು 5 ಎಂಬ ಉತ್ತರಗಳು ಬಂದಾಗ 5ನ್ನು ಕೈಬಿಟ್ಟರು. 5ರ ಐದನೆಯ ಒಂದು ಭಾಗದಿಂದ 3 ಕಳೆದರೆ ಋಣ 2 ಬರುತ್ತದೆ. ಕಣ್ಣಿಗೆ ಕಾಣುವ ಕಪಿಗಳಲ್ಲಿ ಋಣ ಸಂಖ್ಯೆಯನ್ನು ಜನರು ಒಪ್ಪುವುದಿಲ್ಲ ಎಂಬುದು ಅವರ ಕಾರಣ. ವರ್ತಕನ ಲೆಕ್ಕದಲ್ಲಿ ಅರ್ಥವಿರುವ ಋಣಕ್ಕೆ ಇಲ್ಲಿ ಅರ್ಥವಿಲ್ಲ. ಸಮೀಕರಣ ನೀಡಿದ ಉತ್ತರವನ್ನು ಪ್ರಶ್ನೆಯ ಸಂದರ್ಭದೊಡನೆ ಹೋಲಿಸಿ ನೋಡಬೇಕೆಂಬ ಈ ಎಚ್ಚರಿಕೆ ಬೆಲೆ, ಬೇಡಿಕೆಗಳ ಲೆಕ್ಕ ಮಾಡುವವರಿಗೆ ಇಂದಿಗೂ ಅಗತ್ಯ. ಅಕ್ಷರಗಳು ಕೇವಲ ಸಹಾಯಕ, ಬುದ್ಧಿಯೇ ನಿಜವಾದ ಬೀಜ ಎಂಬುದು ಭಾಸ್ಕರಾಚಾರ್ಯರ ನಿಲುವಾಗಿತ್ತು.

ಚಕ್ರವಾಲ ಎಂಬ ವಿಧಾನದಿಂದ, ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಇನ್ನೊಂದು ವರ್ಗ ಬರಬೇಕೆಂಬ ಕಠಿಣ ಸಮಸ್ಯೆಯನ್ನೂ ಅವರು ಬಿಡಿಸಿದರು. ಉತ್ತರದ ಸಂಖ್ಯೆಗಳು 226153980 ಮತ್ತು 1766319049.

ಖಗೋಳ ಗ್ರಂಥಗಳು

ಸಿದ್ಧಾಂತ ಶಿರೋಮಣಿಯ ಉಳಿದ ಭಾಗಗಳು ಗ್ರಹಗಣಿತ ಮತ್ತು ಗೋಲಾಧ್ಯಾಯ. ಗ್ರಹದ ವೇಗ ಒಂದೇ ಸಮನಾಗಿರದ ಕಾರಣ, ಆಯಾ ಕ್ಷಣದ 'ತಾತ್ಕಾಲಿಕ ಗತಿ'ಯನ್ನು ಅವರು ವಿಚಾರ ಮಾಡಿದರು. ಒಂದು ಪರಿಮಾಣ ಅಲ್ಪವಾಗಿ ಬದಲಾದಾಗ ಅದನ್ನು ಅವಲಂಬಿಸಿದ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ. ಅರ್ಥಶಾಸ್ತ್ರದ ಸೀಮಾಂತ ವೆಚ್ಚದ ಹಿಂದೆಯೂ ಇಂಥದೇ ಪ್ರಶ್ನೆಯಿದೆ. 'ಕರಣಕುತೂಹಲ' ಅವರ ಇಳಿವಯಸ್ಸಿನ ಕೃತಿ. ಅದರ ಗಣನೆ ಕ್ರಿ.ಶ. 1183ರಿಂದ ಆರಂಭವಾಗುತ್ತದೆ.

ಶಿಷ್ಯ ಪರಂಪರೆ ಮತ್ತು ಪ್ರಭಾವ

ಭಾಸ್ಕರಾಚಾರ್ಯರ ಮಗ ಲಕ್ಷ್ಮೀಧರರು ಯಾದವ ದೊರೆ ಜೈತ್ರಪಾಲನ ಆಸ್ಥಾನದಲ್ಲಿಯೂ ಮೊಮ್ಮಗ ಚಂಗದೇವರು ಸಿಂಘಣನ ಆಸ್ಥಾನದಲ್ಲಿಯೂ ಇದ್ದರು. ಅಜ್ಜನ ಗ್ರಂಥಗಳನ್ನು ಪಾಠ ಹೇಳಲು ಚಂಗದೇವರು ಪಾಟಣದಲ್ಲಿ ಮಠವೊಂದನ್ನು ಸ್ಥಾಪಿಸಿದರು. ಹದಿಮೂರನೆಯ ಶತಮಾನದ ಆರಂಭದ ಶಾಸನವೊಂದು ಈ ಮಠಕ್ಕೆ ನೀಡಿದ ದತ್ತಿಗಳನ್ನು ದಾಖಲಿಸಿದೆ. ಪೇಟೆಯಲ್ಲಿ ಸರಕು ಕೊಳ್ಳುವವರಿಂದ ರಾಜನಿಗೆ ಸಲ್ಲುತ್ತಿದ್ದ ಸುಂಕವೂ ಅವುಗಳಲ್ಲಿ ಸೇರಿದೆ. ವ್ಯಾಪಾರದ ಲೆಕ್ಕ ಕಲಿಸಿದ ಗ್ರಂಥಗಳ ಪಾಠಕ್ಕೆ ಹೀಗೆ ವ್ಯಾಪಾರದ ಹಣವೇ ಆಧಾರವಾಯಿತು.

ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಲೀಲಾವತಿಯನ್ನು ಪರ್ಷಿಯನ್ ಭಾಷೆಗೆ ಅನುವಾದಿಸಿದನು. ಷಹಜಹಾನನ ಕಾಲದಲ್ಲಿ ಬೀಜಗಣಿತವೂ ಪರ್ಷಿಯನ್ನಿಗೆ ಬಂದಿತು. ಹೆನ್ರಿ ಥಾಮಸ್ ಕೋಲ್‌ಬ್ರೂಕ್ 1817ರಲ್ಲಿ ಎರಡೂ ಗ್ರಂಥಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಭಾರತವು 1979 ಮತ್ತು 1981ರಲ್ಲಿ ಉಡಾವಣೆ ಮಾಡಿದ ಭೂವೀಕ್ಷಣಾ ಉಪಗ್ರಹಗಳಿಗೆ ಭಾಸ್ಕರ ಎಂಬ ಹೆಸರನ್ನು ಇಡಲಾಗಿದೆ.